ಅಮ್ಮನಿಗೆ ರೇಡಿಯೇಶನ್ ಜೊತೆ ಕೀಮೋ ಹೇಳಿದ್ದಾರೆ, ಅನುಭವ ಇದ್ದವರು ತಿಳಿಸಿ

ಸಕಲೇಶಪುರದಿಂದ: ಅಮ್ಮನಿಗೆ 58 ವರ್ಷ. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಆಪರೇಷನ್ ಬೇಡ, ಐದು ವಾರ ರೇಡಿಯೇಶನ್, ಜೊತೆಗೆ ವಾರಕ್ಕೊಂದು ಕೀಮೋ, ಆಮೇಲೆ ಒಳಗಿಂದ ಕೊಡುವ ರೇಡಿಯೇಶನ್ ಅಂದಿದ್ದಾರೆ. ಅಮ್ಮನಿಗೆ ಕೀಮೋ ಅಂದರೆ ಭಯ. ಬರೀ ರೇಡಿಯೇಶನ್ ಸಾಕಾಗುತ್ತಾ? ಮಂಗಳೂರಾ, ಬೆಂಗಳೂರಾ?

ಬೇಲೂರು ಗೃಹಿಣಿ: ನಮ್ಮ ಯಜಮಾನರಿಗೆ ಬಾಯಿ ಕ್ಯಾನ್ಸರ್. ಬೆಂಗಳೂರಲ್ಲಿ ಪ್ರೈವೇಟ್ ಆಸ್ಪತ್ರೆ. ರೇಡಿಯೇಶನ್‌ಗೆ ಮೊದಲೇ ಹಾಳಾದ ಹಲ್ಲೆಲ್ಲ ಕೀಳಿಸಿದರು. ಆಮೇಲೆ ಕಿತ್ತರೆ ದವಡೆ ಮೂಳೆ ಮಾಯುವುದು ಕಷ್ಟ. ಮುಖಕ್ಕೆ ಅಚ್ಚು ತೆಗೆದ ಮಾಸ್ಕ್ ಹಾಕಿ ಟೇಬಲ್‌ಗೆ ಕ್ಲಿಪ್ ಮಾಡುತ್ತಿದ್ದರು. ಹೊರಗೆ ಬಂದಾಗ ಹಣೆ ಮೇಲೆ ಜಾಲರಿ ಗುರುತು ಹಾಗೇ ಇರುತ್ತಿತ್ತು. ಮೂರನೇ ವಾರಕ್ಕೆ ಬಾಯೆಲ್ಲ ಹುಣ್ಣು. ರಾಗಿ ಗಂಜಿಯೂ ಇಳಿಯದೆ ಮೂಗಲ್ಲಿ ಪೈಪ್ ಹಾಕಿದರು. ರೂಮ್ ಬಾಡಿಗೆ ತಿಂಗಳಿಗೆ 14,000, ಅಡ್ವಾನ್ಸ್ 30,000. ಅದರಲ್ಲಿ ಪೇಂಟಿಂಗ್ ಅಂತ 8,000 ಹಿಡಿದುಕೊಂಡ ಪುಣ್ಯಾತ್ಮ! ಪ್ರೋಟೀನ್ ಪೌಡರ್ ಡಬ್ಬಿ 900, ಅದು ವಾರಕ್ಕೊಂದು. ಶುಂಠಿ ಬೆಳೆದ ದುಡ್ಡೆಲ್ಲ ಹೋಯ್ತು. ಆದರೂ ಪ್ರೈವೇಟ್‌ಗೆ ಹೋಗಿದ್ದೇ ಸರಿ. ಇವತ್ತು ತೋಟಕ್ಕೆ ಹೋಗುತ್ತಿದ್ದಾರೆ.

ಅರಸೀಕೆರೆ: ಪ್ರೈವೇಟ್‌ನಲ್ಲಿ ಕೊಟ್ಟರೆ ಮಾತ್ರ ಔಷಧಿ ಕೆಲಸ ಮಾಡುತ್ತಾ ಅಕ್ಕ? ನಮ್ಮಕ್ಕನ ಸ್ತನ ಕ್ಯಾನ್ಸರ್‌ಗೆ ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯಲ್ಲೇ ಪೂರ್ತಿ ಚಿಕಿತ್ಸೆ ಆಯ್ತು. ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ರೈಲಲ್ಲಿ ಕ್ಯಾನ್ಸರ್ ಪೇಶೆಂಟ್‌ಗೆ ಸ್ಲೀಪರ್ ಪೂರ್ತಿ ಉಚಿತ, ಜೊತೆಗಿರುವವರಿಗೆ ಶೇ. 75 ರಿಯಾಯಿತಿ. ಆದರೂ ಸಾಲ ಆಯ್ತು. ಊಟ, ಆಟೋ, ಕೂಲಿ ತಪ್ಪಿದ್ದು ಯಾವ ಕಾರ್ಡಲ್ಲೂ ಬರಲ್ಲ. ಕೆಂಪು ಕೀಮೋ ಹಾಕಿದ ದಿನ ಮೂತ್ರವೂ ಕೆಂಪಗಾಗಿ ಅಕ್ಕ ಕಿರುಚಿಬಿಟ್ಟಳು. ಅದು ರಕ್ತ ಅಲ್ಲ, ಔಷಧಿ ಬಣ್ಣ. ಒಂದ್ಸಲ ಬಿಳಿ ರಕ್ತಕಣ ಇಳಿದು ಕೀಮೋ ಮುಂದಕ್ಕೆ ಹಾಕಿದರು. ಬಂದಿದ್ದು ಬಂದ ಹಾಗೇ ವಾಪಸ್.

ಬೇಲೂರು ಗೃಹಿಣಿ: ನಮ್ಮದು ಎಪಿಎಲ್ ಕಾರ್ಡು. ಆ ಯೋಜನೆಯಲ್ಲಿ ನಮಗೆ ಪ್ಯಾಕೇಜ್ ಖರ್ಚಿನ ಶೇ. 30 ಮಾತ್ರ ಸಿಗೋದು. ಗೊತ್ತಿಲ್ಲದೆ ಮಾತಾಡಬೇಡಿ. ತೋಟ ಇದ್ದವರೆಲ್ಲ ಸಾಹುಕಾರರಲ್ಲ.

ಕೊಪ್ಪ: ಕರೆಂಟ್ ಕೊಟ್ಟು ಸುಡಿಸೋದು ಯಾಕೆ? ನಮ್ಮ ಚಿಕ್ಕಪ್ಪನಿಗೆ ನಾಟಿ ಔಷಧಿಯಲ್ಲೇ ಗುಣ ಆಯ್ತು. ನಂಬಿಕೆ ಇರಬೇಕು ಅಷ್ಟೇ.

ಮೂಡಿಗೆರೆ: ಚಿಕ್ಕಪ್ಪನ ಬಯಾಪ್ಸಿ ರಿಪೋರ್ಟ್ ಹಾಕಿ ಸ್ವಾಮಿ, ನೋಡೋಣ. ನಮ್ಮತ್ತೆಗೂ ಗರ್ಭಕೋಶದ ಬಾಯಿಯ ಕ್ಯಾನ್ಸರ್ರೇ. ಅವರ ತಮ್ಮಂದಿರು ಮರದ ಚಕ್ಕೆ ಕಷಾಯ ಅಂತ ತಿಂಗಳುಗಟ್ಟಲೆ ಕೂರಿಸಿದರು. ಅಷ್ಟರಲ್ಲಿ ಗಡ್ಡೆ ಬೆಳೆದಿತ್ತು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಸಕಲೇಶಪುರದವರೇ, ಈ ಕಾಯಿಲೆಯಲ್ಲಿ ವಾರದ ಕೀಮೋ ಇರೋದೇ ರೇಡಿಯೇಶನ್ ಚೆನ್ನಾಗಿ ನಾಟಲಿ ಅಂತ. ಎರಡೂ ಸೇರಿದರೆ ಬದುಕುವವರು ಜಾಸ್ತಿ ಅಂತ 1999ರಲ್ಲೇ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಡಾಕ್ಟರುಗಳಿಗೆ ತಿಳಿಸಿತ್ತು. ಆ ಕೀಮೋಗೆ ಸಿಸ್ಪ್ಲಾಟಿನ್ ಅನ್ನೋ ಔಷಧಿ ಕೊಟ್ಟರೆ ಕೂದಲು ಪೂರ್ತಿ ಹೋಗೋದು ಕಡಿಮೆ. ಆದರೆ ವಾಂತಿ ಜೋರು, ಕಿಡ್ನಿಗೂ ಕಷ್ಟ. ಅದಕ್ಕೇ ಬಾಟಲಿಗಟ್ಟಲೆ ಸಲೈನ್ ಹಾಕುತ್ತಾರೆ. ಅತ್ತೆಗೆ ದಿನಾ ರೇಡಿಯೇಶನ್‌ಗೆ ಮೊದಲು ನೀರು ಕುಡಿದು, ಮೂತ್ರ ತಡೆದುಕೊಂಡು ಮಲಗಬೇಕಿತ್ತು. ಮೂತ್ರಕೋಶ ತುಂಬಿದ್ದರೆ ಕರುಳು ಮೇಲಕ್ಕೆ ಸರಿದು ಏಟು ಕಡಿಮೆ ಬೀಳುತ್ತೆ. ಸರದಿ ತಡವಾದರೆ ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದು ಕೂತಿರುತ್ತಿದ್ದರು.

ಇನ್ನೊಂದು ಮಾತು. ಎಲ್ಲ ಸೇರಿ ಎಂಟು ವಾರದೊಳಗೆ ಮುಗಿಸಬೇಕು ಅನ್ನುತ್ತಾರೆ. ನಾವು ಮಂಗಳೂರಿಗೆ ಓಡಾಡಿಕೊಂಡು ಮಾಡಿಸಿದ್ದು. ಮಳೆಗೆ ಘಾಟಿಯಲ್ಲಿ ಗುಡ್ಡ ಕುಸಿದು ಮಧ್ಯೆ ರೇಡಿಯೇಶನ್ ಸಿಟ್ಟಿಂಗ್ ತಪ್ಪಿತು. ಟ್ಯಾಕ್ಸಿಗೆ ದಿನಕ್ಕೆ 5,500 ಕೊಟ್ಟಿದ್ದು ಬೇರೆ.

ಅರಸೀಕೆರೆ: ಅದಕ್ಕೇ ಬೆಂಗಳೂರು ಅಂದಿದ್ದು.

ಮೂಡಿಗೆರೆ: ನಮ್ಮ ಕಡೆಯಿಂದ ಬೆಂಗಳೂರು ಎಷ್ಟು ದೂರ ಗೊತ್ತಾ? ನಿಮಗೆ ಮನೆ ಬಾಗಿಲಲ್ಲೇ ರೈಲು. ಮಂಗಳೂರಲ್ಲಿ ಒಳ್ಳೆ ಡಾಕ್ಟರಿಲ್ಲ ಅಂತ ಯಾರು ಹೇಳಿದ್ದು?

ಕೊಪ್ಪ: ಯಾರ ನಂಬಿಕೆಗೂ ಬೆಲೆ ಇಲ್ಲ ಇಲ್ಲಿ. ಕೀಮೋ ಜೊತೆಗೇ ಕಷಾಯ ಕುಡಿದವರೂ ಇದ್ದಾರೆ.

ಮೂಡಿಗೆರೆ: ಹಾಗೆ ಕದ್ದು ಕುಡಿಸಿದ್ದಕ್ಕೇ ನಮ್ಮತ್ತೆಗೆ ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಅಂಶ) ಏರಿ ಕೀಮೋ ನಿಂತಿದ್ದು. ಕುಡಿಸುವುದಾದರೆ ಬಾಟಲಿ ಸಮೇತ ಡಾಕ್ಟರಿಗೆ ತೋರಿಸಿ, ಧೈರ್ಯ ಇದ್ದರೆ.