ತಾರಸಿ ಕೋಣೆಯಲ್ಲಿ ಗ್ರಾಮಫೋನ್ ರೆಕಾರ್ಡ್ ಇಡಬಹುದಾ?

ಪ್ರಶ್ನೆ: ಮನೆ ರಿಪೇರಿ ಶುರುವಾಗುತ್ತಿದೆ. ಮುನ್ನೂರರಷ್ಟು ಎಲ್‌ಪಿ (ದೊಡ್ಡ ಹಾಡಿನ ತಟ್ಟೆ), ಒಂದಿಷ್ಟು ಹಳೆಯ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟು, ಅವನ್ನು ತಿರುಗಿಸಿ ನುಡಿಸುವ ಟರ್ನ್‌ಟೇಬಲ್, ಆಂಪ್ಲಿಫೈಯರ್ ಎಲ್ಲವನ್ನೂ ಕೆಲವು ತಿಂಗಳು ತಾರಸಿ ಮೇಲಿನ ಕೋಣೆಯಲ್ಲಿ ಇಡಬೇಕು. ಮಧ್ಯಾಹ್ನ ಅಲ್ಲಿ ಸೆಕೆ ಜಾಸ್ತಿ. ಹೀಗೆ ಇಟ್ಟು ಅನುಭವ ಇರುವವರು ದಯವಿಟ್ಟು ಹೇಳಿ.

ಇಡಬಹುದು ಸರ್, ಆದರೆ ಹೇಗೆ ಇಡುತ್ತೀರಿ ಅನ್ನುವುದೇ ಮುಖ್ಯ. ಎಲ್‌ಪಿ ಅಂದರೆ ಪಿವಿಸಿ ಪ್ಲಾಸ್ಟಿಕ್. 60 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಅದು ಮೆತ್ತಗಾಗುತ್ತದೆ. ಮುಚ್ಚಿದ ಕೋಣೆಯ ಗಾಳಿ ಅಷ್ಟು ಕಾಯುವುದು ಅಪರೂಪ. ಆದರೆ ಓರೆಯಾಗಿ ಒರಗಿಸಿಟ್ಟರೆ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲೂ ವಾರಗಟ್ಟಲೆ ಭಾರ ಬಿದ್ದು ನಿಧಾನವಾಗಿ ಬಾಗುತ್ತದೆ. ಆಮೇಲೆ ಹಾಕಿ ನೋಡಿ, ಒಂದೊಂದು ಸುತ್ತಿಗೂ ಟೋನ್‌ಆರ್ಮ್ (ಮುಳ್ಳು ಹಿಡಿದಿರುವ ತೋಳು) ಏರಿ ಇಳಿಯುತ್ತಿರುತ್ತದೆ, ಎಳೆದು ಹಾಡುವ ಸ್ವರ ಅಲ್ಲಾಡುತ್ತದೆ. ಅದಕ್ಕೇ ನೆಟ್ಟಗೆ ನಿಲ್ಲಿಸಿ. ಒಂದು ರೆಕಾರ್ಡ್ ಬೆರಳಲ್ಲಿ ಎಳೆದರೆ ಸಲೀಸಾಗಿ ಬರಬೇಕು, ಪಕ್ಕದವು ವಾಲಬಾರದು. ಒಂದರ ಮೇಲೊಂದು ಪೇರಿಸುವುದಂತೂ ಬೇಡವೇ ಬೇಡ. ನೂರು ಎಲ್‌ಪಿ ಕವರ್ ಸಮೇತ 25 ಕಿಲೋ ತೂಗುತ್ತದೆ, ಕೆಳಗಿರುವುದರ ಗತಿ ಯೋಚಿಸಿ. ಹೊಸ ರೆಕಾರ್ಡ್ ಮೇಲಿರುವ ಬಿಗಿ ಪ್ಲಾಸ್ಟಿಕ್ ಹೊದಿಕೆ ಕಿತ್ತುಬಿಡಿ, ಅದು ಕಾವಿಗೆ ಇನ್ನಷ್ಟು ಬಿಗಿಯಾಗಿ ಅಂಚನ್ನು ಎಳೆಯುತ್ತದೆ. ನಿಜವಾದ ಅಪಾಯ ಇರುವುದು ಸಾಗಿಸುವ ದಿನ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ಮುಟ್ಟುವುದು ಕಷ್ಟವೇನಲ್ಲ.

ಮೇಲಿನವರು ಹೇಳಿದ್ದು ಸರಿ. ಆದರೆ ನಾನಾದರೆ ಸೆಕೆಗಿಂತ ತೇವಕ್ಕೆ ಹೆದರುತ್ತೇನೆ. ಗಾಳಿಯ ತೇವಾಂಶ ಶೇ. 65-70 ದಾಟಿ ಹಾಗೇ ನಿಂತರೆ ಬೂಷ್ಟು ಗ್ಯಾರಂಟಿ. ಮೊದಲು ಹಿಡಿಯುವುದು ರಟ್ಟಿನ ಕವರ್‌ಗೆ. ರೆಕಾರ್ಡನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಹಾಡು ಕೊರೆದಿರುವ ಸಣ್ಣ ಗೆರೆಗಳ ನಡುವೆ ಬಿಳಿ ಜೇಡರ ಬಲೆಯಂತೆ ಕಾಣುತ್ತದೆ. ಸುಮ್ನೆ ಒಣಬಟ್ಟೆಯಲ್ಲಿ ಉಜ್ಜಬೇಡಿ, ಇನ್ನೂ ಒಳಗೆ ಕೂರುತ್ತದೆ. 78ರ ಪ್ಲೇಟುಗಳನ್ನು ಬೇರೆಯಾಗಿಯೇ ಇಡಿ. ಅವು ಹೆಚ್ಚಾಗಿ ಅರಗಿನವು, ಭಾರ ಜಾಸ್ತಿ, ಬಿದ್ದರೆ ಚೂರು. ಅವನ್ನು ಆಲ್ಕೋಹಾಲ್ ಇರುವ ದ್ರವದಲ್ಲಿ ಒರೆಸಲೇಬೇಡಿ, ಅರಗು ಕರಗುತ್ತದೆ. ತೇವಾಂಶ ಅಳೆಯುವ ಒಂದು ಚಿಕ್ಕ ಮೀಟರ್ ಇಟ್ಟುಕೊಳ್ಳಿ. ಶೇ. 40ರಿಂದ 50ರೊಳಗಿದ್ದರೆ ನಿಶ್ಚಿಂತೆ. ತೀರಾ ಒಣಗಿದರೂ ಕಿರಿಕಿರಿಯೇ, ಸ್ಥಿರ ವಿದ್ಯುತ್ ಹೆಚ್ಚಿ ಧೂಳು ಅಂಟುತ್ತದೆ. ಪೆಟ್ಟಿಗೆಗಳನ್ನು ಹೊರಗೋಡೆಗೆ ತಾಗಿಸಬೇಡಿ, ನೆಲದಿಂದಲೂ ಸ್ವಲ್ಪ ಎತ್ತರಿಸಿ.

ಉಪಕರಣದ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಬೆಲ್ಟ್ ಇರುವ ಟರ್ನ್‌ಟೇಬಲ್ ಆದರೆ ಬೆಲ್ಟ್ ಬಿಚ್ಚಿ ಕವರ್‌ಗೆ ಹಾಕಿ. ಎಳೆದುಕೊಂಡೇ ತಿಂಗಳುಗಟ್ಟಲೆ ಕೂತರೆ ರಬ್ಬರ್‌ನ ಆಕಾರ ಕೆಡುತ್ತದೆ. ಆಂಪ್ಲಿಫೈಯರ್ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿಗೆ (ವಿದ್ಯುತ್ ಹಿಡಿದಿಡುವ ಬಿಡಿಭಾಗಗಳಿಗೆ) ಬಿಸಿ ಆಗಿಬರುವುದಿಲ್ಲ. 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧ ಆಗುತ್ತದೆ ಅನ್ನುವುದು ರಿಪೇರಿಯವರ ಲೆಕ್ಕ. ಅದು ಮುಖ್ಯವಾಗಿ ಓಡುತ್ತಿರುವಾಗಿನ ಮಾತು. ಹಾಗಾಗಿ ಆ ಕೋಣೆಯಲ್ಲಿ ಹಾಕಿ ಕೇಳುವುದಾದರೆ ಮೇಲುಗಡೆ ಗಾಳಿಯಾಡಲು ಜಾಗ ಬಿಡಿ. ಸ್ಪೀಕರ್ ಕೋನ್‌ನ ಅಂಚು ಫೋಮ್‌ನದಾಗಿದ್ದರೆ ಸೆಕೆ, ತೇವ ಎರಡೂ ಸೇರಿ ಅದನ್ನು ಪುಡಿ ಮಾಡುತ್ತವೆ. ಬೆರಳಲ್ಲಿ ಒತ್ತಿ ಪರೀಕ್ಷಿಸಲು ಹೋಗಬೇಡಿ, ಕಣ್ಣಲ್ಲೇ ನೋಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಈಗಾಗಲೇ ಒಂದೆರಡು ಬಾಗಿವೆ. ಓವನ್‌ನಲ್ಲಿ ಬಿಸಿ ಮಾಡಿ ನೆಟ್ಟಗೆ ಮಾಡಬಹುದು ಅನ್ನುತ್ತಾರಲ್ಲ?

ಬೇಡ ಸರ್. ತಟ್ಟೆ ನೆಟ್ಟಗಾದರೂ ಗೆರೆಯ ಗೋಡೆ ಸವರಿಹೋದರೆ ಕೇಳುವುದು ಬರೀ ಸದ್ದು. ಎರಡು ಚಪ್ಪಟೆ ಗಾಜಿನ ಹಲಗೆ ನಡುವೆ ಇಟ್ಟು ಮೇಲೆ ಸಮನಾಗಿ ಭಾರ ಹಾಕಿ ಕೋಣೆಯ ಕಾವಿನಲ್ಲೇ ಬಿಡಿ. ವಾರಗಳು ಹಿಡಿಯಬಹುದು. ಅಂಚು ಮಾತ್ರ ಸೊಟ್ಟಗಾಗಿದ್ದರೆ ಆಸೆ ಇಟ್ಟುಕೊಳ್ಳಬೇಡಿ. ಒಟ್ಟಾರೆ ಬೋಗುಣಿಯಂತೆ ಬಾಗಿದ್ದು ಎಷ್ಟೋ ಸಲ ಸುಧಾರಿಸುತ್ತದೆ.