ಹೊರಗೆ ಗಟ್ಟಿ, ಒಳಗೆ ಕೊಳೆ: ಈರುಳ್ಳಿ ರಾಶಿಯಲ್ಲಿ ಮೊದಲೇ ತಿಳಿಯುವುದು ಹೇಗೆ?

ಪ್ರಶ್ನೆ:
ಈರುಳ್ಳಿ ದಾಸ್ತಾನು ಮಾಡಿ ಎರಡು ತಿಂಗಳಾಯಿತು. ತುಂಬುವಾಗ ಒಂದೊಂದನ್ನೂ ನಾನೇ ಕೈಯಲ್ಲಿ ಹಿಡಿದು ಆರಿಸಿದ್ದೆ. ಒಂದರಲ್ಲೂ ಕಲೆ ಇರಲಿಲ್ಲ. ನಿನ್ನೆ ಹೆಚ್ಚಿದ ಗಡ್ಡೆಯ ಮೇಲ್ಭಾಗ ಬೇಯಿಸಿದಂತೆ ಕಂದಾಗಿ ಮೆತ್ತಗಿತ್ತು, ಪದರಗಳ ನಡುವೆ ಬೂದು ಬೂಷ್ಟು. ಹೊರಸಿಪ್ಪೆ ಮಾತ್ರ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ನಾತವೂ ಇಲ್ಲ. ಇಂಥವು ಇನ್ನೆಷ್ಟಿವೆಯೋ! ಎಲ್ಲವನ್ನೂ ಹೆಚ್ಚಿ ನೋಡಲಾಗುತ್ತದೆಯೇ?

ಉತ್ತರ 1:
ನೀವು ಹೇಳಿದ್ದನ್ನು ನೋಡಿದರೆ ಕುತ್ತಿಗೆ (ಗಡ್ಡೆಯಿಂದ ಎಲೆ ಹೊರಡುವ ಜಾಗ) ಕೊಳೆ, ಬೊಟ್ರೈಟಿಸ್ ಶಿಲೀಂಧ್ರದ ಕೆಲಸ. ನಿಮ್ಮ ಕಣ್ಣಿನ ತಪ್ಪಲ್ಲ. ಅದು ಹೊಲದಲ್ಲೇ ಸೇರಿಕೊಂಡಿರುತ್ತದೆ, ಬೀಜದಿಂದಲೂ ಬರುತ್ತದೆ. ಮುಖ ತೋರಿಸುವುದು ಸಾಮಾನ್ಯವಾಗಿ ದಾಸ್ತಾನಾಗಿ 8–10 ವಾರ ಕಳೆದ ಮೇಲೆ.

ಎರಡು ಸಲ ಮೋಸಹೋದ ಮೇಲೆ ನಾನು ಮೂಗನ್ನು ನಂಬುವುದು ಬಿಟ್ಟೆ. ಗಬ್ಬು ನಾರುವುದು ಹೆಚ್ಚಾಗಿ ಬ್ಯಾಕ್ಟೀರಿಯಾ ಕೊಳೆ. ಈಗ ಹೆಬ್ಬೆರಳೇ ನನ್ನ ಉಪಕರಣ: ಕುತ್ತಿಗೆಯ ಪಕ್ಕ ಒತ್ತುತ್ತೇನೆ. ಚೆನ್ನಾಗಿ ಒಣಗಿದ್ದು ಕಾಗದದಂತೆ ಚರಕ್ ಎನ್ನುತ್ತದೆ, ರೋಗದ್ದು ಸದ್ದಿಲ್ಲದೆ ಒಳಗೆ ಕುಸಿಯುತ್ತದೆ. ಅನುಮಾನ ಬಂದರೆ ಕುತ್ತಿಗೆಯಿಂದ ಬುಡಕ್ಕೆ ಉದ್ದುದ್ದ ಸೀಳಿ. ಅಡ್ಡ ಕೊಯ್ದರೆ ತಪ್ಪಿಹೋಗುತ್ತದೆ.

ಆದರೆ ಬೆರಳಿಗೆ ಸಿಗುವುದು ಕೊಳೆತ ಮೇಲೆ. ಮುಂದಿನ ಬೆಳೆಗೆ, ತುಂಬುವ ದಿನವೇ ರಾಶಿಯ ಮೇಲೆ, ನಡುವೆ, ಅಡಿಯಿಂದ 50 ಗಡ್ಡೆ ಎತ್ತಿಕೊಂಡು ಒದ್ದೆ ಕಾಗದದೊಂದಿಗೆ ಡಬ್ಬದಲ್ಲಿ ಮುಚ್ಚಿಡಿ. ತೇವ ಸಿಕ್ಕರೆ ಅಡಗಿದ್ದು ಬೇಗ ಎದ್ದು ಬರುತ್ತದೆ. ಹಾಗೆಂದು 50ರಲ್ಲಿ ಒಂದೂ ಕೆಡಲಿಲ್ಲವೆಂದು ಹಿಗ್ಗಬೇಡಿ. ಲೆಕ್ಕದ ಪ್ರಕಾರ ಆಗಲೂ ರಾಶಿಯಲ್ಲಿ ನೂರಕ್ಕೆ ಆರರವರೆಗೆ ರೋಗ ಇರಬಹುದು.

ಉತ್ತರ 2:
ಬುಡವನ್ನೂ ಒತ್ತಿ ನೋಡಿ. ಫ್ಯುಸೇರಿಯಂ ಎಂಬ ಇನ್ನೊಂದು ಶಿಲೀಂಧ್ರ ಬೇರಿನ ಕಡೆಯಿಂದ ಮೇಲೇರುತ್ತದೆ. ಸಿಪ್ಪೆಯಡಿ ಮಸಿಯಂಥ ಪುಡಿ ಕಂಡರೆ ಅದು ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟು, ಸೆಕೆಯಿರುವಲ್ಲಿ ಹೆಚ್ಚು. ಅತಿಗೆಂಪು ಬೆಳಕಿನಿಂದ ಒಳಗನ್ನು ನೋಡುವ, ಗಡ್ಡೆ ಬಿಡುವ ಅನಿಲವನ್ನು ಮೂಸುವ ಯಂತ್ರಗಳೂ ಇವೆ, ಶಿಲೀಂಧ್ರದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಯೂ ಇದೆ. ಮನೆಮಟ್ಟದ ರಾಶಿಗೆ ಅವೆಲ್ಲ ಇಲಿ ಹಿಡಿಯಲು ಬೆಟ್ಟ ಅಗೆದಂತೆ.

ಪ್ರಶ್ನೆ ಕೇಳಿದವರು:
ಒತ್ತಿ ನೋಡಿದೆ. 40ರಲ್ಲಿ 7 ಕುಸಿದವು. ಏಳೂ ದಪ್ಪ ಕುತ್ತಿಗೆಯವು. ಕಿತ್ತ ವಾರ ಮೋಡವಿತ್ತು, ಕುತ್ತಿಗೆ ಇನ್ನೂ ಹಸಿಯಾಗಿರುವಾಗಲೇ ಎಲೆ ಕೊಯ್ದುಬಿಟ್ಟಿದ್ದೆ.

ಉತ್ತರ 1:
ಆ ಕೊಯ್ದ ಗಾಯವೇ ಅದಕ್ಕೆ ಬಾಗಿಲು. ದಪ್ಪ ಕುತ್ತಿಗೆಯವನ್ನೆಲ್ಲ ಇಂದೇ ಬೇರೆ ಮಾಡಿ, ಅವುಗಳಲ್ಲಿ ಗಟ್ಟಿ ಇರುವುದನ್ನು ಮೊದಲು ಬಳಸಿ. ಉಳಿದದ್ದನ್ನು ತೆಳ್ಳಗೆ ಹರಡಿ, ಗಾಳಿ ಆಡಲಿ.