ವಿಷಯ: 'ಕರೆಕ್ಷನ್ಸ್' ಅಂದರೆ ತಿದ್ದುಪಡಿಯೇ? ಪೊಲೀಸರ ಪಿಂಚಣಿ ಲೇಖನಕ್ಕೆ ಪದಗಳು ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ.
ಅಮೆರಿಕದ ಪೊಲೀಸರ ಸಂಘ ಫ್ರಾಟರ್ನಲ್ ಆರ್ಡರ್ ಆಫ್ ಪೊಲೀಸ್ ಪಿಂಚಣಿ ಮತ್ತು ಜೈಲು ಕಾನೂನುಗಳ ಬಗ್ಗೆ ತಳೆದ ನಿಲುವಿನ ಲೇಖನ ಅನುವಾದವಾಗುತ್ತಿದೆ. ನಾಳೆ ಬೆಳಿಗ್ಗೆ ಅಚ್ಚಿಗೆ. 'ಕರೆಕ್ಷನ್ಸ್ ಲೆಜಿಸ್ಲೇಷನ್', 'ವಿಂಡ್‌ಫಾಲ್ ಎಲಿಮಿನೇಷನ್ ಪ್ರಾವಿಷನ್', 'ಗವರ್ನಮೆಂಟ್ ಪೆನ್ಷನ್ ಆಫ್‌ಸೆಟ್' ಇವಕ್ಕೆ ಕರಡಿನಲ್ಲಿ ಕ್ರಮವಾಗಿ 'ತಿದ್ದುಪಡಿ ಶಾಸನ', 'ಆಕಸ್ಮಿಕ ಲಾಭ ನಿರ್ಮೂಲನೆ', 'ಸರ್ಕಾರಿ ಪಿಂಚಣಿ ವಜಾ' ಎಂದಿದೆ. ನಡೆಯುತ್ತದೆಯೇ?

ಮರು:
ಮೂರೂ ನಡೆಯುವುದಿಲ್ಲ.
'ತಿದ್ದುಪಡಿ ಶಾಸನ' ಅಂದರೆ ಇರುವ ಕಾಯ್ದೆಯನ್ನು ಬದಲಿಸುವ ಕಾಯ್ದೆ. ಇಲ್ಲಿನದು ಕೈದಿಗಳ ವಿಚಾರ. ನಮ್ಮ ಇಲಾಖೆಯ ಹೆಸರೇ 'ಕಾರಾಗೃಹ ಮತ್ತು ಸುಧಾರಣಾ ಸೇವೆ'. 'ಕಾರಾಗೃಹ ಸುಧಾರಣಾ ಕಾನೂನು' ಎನ್ನಿ. ಬರೀ 'ಸುಧಾರಣಾ ಕಾನೂನು' ಅಂದರೆ ಭೂಸುಧಾರಣೆ ನೆನಪಾಗುತ್ತದೆ.
'ಕಳೆಯುವುದು' ಎಂಬ ಅರ್ಥದಲ್ಲಿ 'ವಜಾ' ಲೆಕ್ಕದ ಪುಸ್ತಕದಲ್ಲಿ ಸರಿಯಿತ್ತು. ಇವತ್ತು 'ಪಿಂಚಣಿ ವಜಾ' ಓದಿದವರು ಪಿಂಚಣಿಯೇ ಹೋಯಿತು ಅಂದುಕೊಳ್ಳುತ್ತಾರೆ.

ಮರು:
ಮೊದಲು 'ಪಿಂಚಣಿ'ಯನ್ನೇ ಬಿಡಿ. 'ತೂಗು' ಎಂಬ ಅರ್ಥದ ಲ್ಯಾಟಿನ್ ಧಾತು ಇಂಗ್ಲಿಷಿನ ಹಾದಿಯಲ್ಲಿ ಬಂದು ಕನ್ನಡದಲ್ಲಿ ಣಕಾರ ತೊಟ್ಟಿದೆ, ಅಷ್ಟೇ. ನಮ್ಮ ಶಾಸನಗಳಲ್ಲಿ ಜೀವನಾಧಾರಕ್ಕೆ ಕೊಟ್ಟದ್ದಕ್ಕೆ 'ಜೀವಿತ' ಇದೆ, ಕಾದಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ 'ನೆತ್ತರುಗೊಡಗೆ' ಇದೆ. ಪೊಲೀಸರಿಗೆ ಇದಕ್ಕಿಂತ ಒಪ್ಪುವ ಮಾತು ಯಾವುದು?

ಮರು:
> ಪೊಲೀಸರಿಗೆ ಇದಕ್ಕಿಂತ ಒಪ್ಪುವ ಮಾತು ಯಾವುದು?
ಒಪ್ಪುವುದಿಲ್ಲ. ನೆತ್ತರುಗೊಡಗೆ ಸತ್ತವನಿಗಾಗಿ ಕೊಟ್ಟದ್ದು. ಇಲ್ಲಿ ಬದುಕಿ ನಿವೃತ್ತನಾದವನ ದುಡ್ಡಿನ ಲೆಕ್ಕ. ಕರ್ತವ್ಯದಲ್ಲಿ ಮಡಿದವರ ಕುಟುಂಬಕ್ಕೆ ಅಮೆರಿಕದಲ್ಲಿ 1976ರ ಬೇರೆಯೇ ಕಾಯ್ದೆ ಇದೆ. ಆ ಪದ ಅಲ್ಲಿಗೆ ಇಟ್ಟುಕೊಳ್ಳಿ.

ಲೆಕ್ಕ ತಿಳಿದರೆ ಪದ ತಾನೇ ಸಿಗುತ್ತದೆ. ಅಲ್ಲಿ ಎಷ್ಟೋ ಊರುಗಳ ಪೊಲೀಸರು ಸೋಷಿಯಲ್ ಸೆಕ್ಯುರಿಟಿಗೆ (ಅಲ್ಲಿನ ಕೇಂದ್ರ ಸರ್ಕಾರದ ಪಿಂಚಣಿ ಯೋಜನೆ) ವಂತಿಗೆ ಕಟ್ಟುವುದಿಲ್ಲ, ಅವರದು ಪ್ರತ್ಯೇಕ ಪಿಂಚಣಿ ನಿಧಿ. ಆದರೆ ಬಿಡುವಿನಲ್ಲಿ ಅಥವಾ ನಿವೃತ್ತಿಯ ಮೇಲೆ ಖಾಸಗಿ ಕೆಲಸ ಮಾಡಿ ಅದಕ್ಕೆ ವಂತಿಗೆ ಕಟ್ಟಿದವರು ಬಹಳ. ಅಂಥವರಿಗೆ 1983ರ ಈ 'ವಿಂಡ್‌ಫಾಲ್' ನಿಯಮ ಹೀಗಿತ್ತು: ಸರಾಸರಿ ತಿಂಗಳ ಗಳಿಕೆಯ ಮೊದಲ ಹಂತದಲ್ಲಿ ಉಳಿದವರಿಗೆ ಶೇ. 90 ಪಿಂಚಣಿಯಾಗಿ ಸಿಕ್ಕರೆ, ಇವರಿಗೆ ಅದನ್ನು ಶೇ. 40ರವರೆಗೂ ಇಳಿಸಬಹುದಿತ್ತು. 2024ರಲ್ಲಿ ಆ ಹಂತ 1,174 ಡಾಲರ್ ಇತ್ತು. ಕಡಿತ ತಿಂಗಳಿಗೆ ಗರಿಷ್ಠ 587. ವಂತಿಗೆಯ ಸೇವೆ 20 ವರ್ಷ ದಾಟಿದ ಮೇಲೆ ವರ್ಷಕ್ಕೆ ಶೇ. 5ರಂತೆ ಏರಿ, 30ಕ್ಕೆ ಪೂರ್ತಿ 90 ಆಗುತ್ತಿತ್ತು.

ಇದು 'ಆಕಸ್ಮಿಕ' ಅಲ್ಲ. ದುಡಿಯದೆ ಬಂದ ಲಾಭ ಎಂಬ ಆಪಾದನೆ ಆ ಹೆಸರಿನೊಳಗೇ ಇದೆ, ಸಂಘದ ತಕರಾರೂ ಅದಕ್ಕೇ: ವಂತಿಗೆ ಕಟ್ಟಿ ಗಳಿಸಿದ್ದು ಪುಕ್ಕಟೆ ಹೇಗಾದೀತು? ಆದ್ದರಿಂದ 'ಅನಾಯಾಸಲಾಭ ನಿವಾರಣಾ ನಿಯಮ'. ಆಪಾದನೆ ಉಳಿಯದಿದ್ದರೆ ಸಂಘದ ವಾದ ಓದುಗರಿಗೆ ಅರ್ಥವಾಗುವುದಿಲ್ಲ.

ಇನ್ನೊಂದು, 'ಪೆನ್ಷನ್ ಆಫ್‌ಸೆಟ್', ಗಂಡ ಅಥವಾ ಹೆಂಡತಿಯ ಲೆಕ್ಕದಲ್ಲಿ ಸೋಷಿಯಲ್ ಸೆಕ್ಯುರಿಟಿಯಿಂದ ಬರುವ ಹಣದ್ದು. ಸ್ವಂತ ಸರ್ಕಾರಿ ಪಿಂಚಣಿಯ ಮೂರರಲ್ಲಿ ಎರಡು ಪಾಲನ್ನು ಅದರಲ್ಲಿ ಮುರಿದುಕೊಳ್ಳುತ್ತಿದ್ದರು. ಪಿಂಚಣಿ 3,000 ಇದ್ದರೆ ಮುರಿತ 2,000. ಗಂಡನ ಕಡೆಯಿಂದ ಬರಬೇಕಿದ್ದದ್ದು 1,500 ಆದರೆ ಆಕೆಯ ಕೈಗೆ ಸೊನ್ನೆ. ಸಂಬಳದಲ್ಲಿ ಸಾಲ ಮುರಿದುಕೊಂಡರು ಎನ್ನುವುದಿಲ್ಲವೇ? 'ಸರ್ಕಾರಿ ಪಿಂಚಣಿ ಮುರಿತ' ಎನ್ನಿ.

ಕಾಲವಾಚಕ ನೋಡಿಕೊಳ್ಳಿ. ಎರಡನ್ನೂ ರದ್ದು ಮಾಡಿದ ಕಾನೂನಿಗೆ 2025ರ ಜನವರಿ 5ರಂದು ಸಹಿ ಬಿದ್ದಿದೆ, 2024ರ ಜನವರಿಯಿಂದ ಪೂರ್ವಾನ್ವಯ. 'ಕಡಿತವಾಗುತ್ತದೆ' ಅಂತ ಬರೆದರೆ ತಪ್ಪು.

ಮರು:
ಉಪಕಾರವಾಯಿತು ಸರ್. ಒಂದೇ ಬಾಕಿ. 2018ರ ಫಸ್ಟ್ ಸ್ಟೆಪ್ ಆ್ಯಕ್ಟನ್ನು (ಅಮೆರಿಕದ ಕೇಂದ್ರ ಜೈಲುಗಳ ಸುಧಾರಣೆಯ ಕಾಯ್ದೆ) ಸಂಘ ಬೆಂಬಲಿಸಿತು ಎಂಬಲ್ಲಿ 'ಗುಡ್ ಕಂಡಕ್ಟ್ ಟೈಮ್', 'ಅರ್ನ್ಡ್ ಟೈಮ್ ಕ್ರೆಡಿಟ್' ಎರಡಕ್ಕೂ 'ಶಿಕ್ಷೆ ಮಾಫಿ' ಸಾಕೇ?

ಮರು:
ಸಾಲದು. ಮೊದಲನೆಯದು ಸನ್ನಡತೆಯ ಮಾಫಿ: ವಿಧಿಸಿದ ಶಿಕ್ಷೆಯ ಪ್ರತಿ ವರ್ಷಕ್ಕೆ 54 ದಿನದವರೆಗೆ. ಹಿಂದೆ ಅನುಭವಿಸಿದ ಅವಧಿಯ ಮೇಲೆ ಎಣಿಸುತ್ತಿದ್ದುದರಿಂದ 47ರ ಆಸುಪಾಸು ಸಿಗುತ್ತಿತ್ತು. 'ವಿಧಿಸಿದ' ಬಿಟ್ಟುಹೋದರೆ ವಾಕ್ಯಕ್ಕೆ ಅರ್ಥವೇ ಇಲ್ಲ.
ಎರಡನೆಯದು ತರಬೇತಿಯಲ್ಲಿ ಪಾಲ್ಗೊಂಡು ಗಳಿಸುವ ದಿನಗಳು. 30 ದಿನಕ್ಕೆ 10. ಮತ್ತೆ ಅಪರಾಧ ಮಾಡುವ ಅಪಾಯ ಕಡಿಮೆ ಎಂದು ಸತತ ಎರಡು ಅಂದಾಜುಗಳಲ್ಲಿ ಕಂಡರೆ ಇನ್ನೂ 5. ಇದರಿಂದ ಶಿಕ್ಷೆ ಕರಗುವುದಿಲ್ಲ. ಕೈದಿ ಮನೆಬಂಧನಕ್ಕೋ, ಗರಿಷ್ಠ 12 ತಿಂಗಳು ಮುಂಚೆ ನಿಗಾವಣೆಯ ಬಿಡುಗಡೆಗೋ ಹೋಗುತ್ತಾನೆ. 'ಮಾಫಿ' ಅಲ್ಲ, 'ಗಳಿಕೆ ದಿನ'.

ಮರು:
ಕಾರಾಗೃಹ, ಮಾಫಿ, ಪಿಂಚಣಿ. ಸಂಸ್ಕೃತ, ಅರಬ್ಬಿ, ಇಂಗ್ಲಿಷ್. ಹಳಗನ್ನಡದ 'ಸೆಱೆ' ತಮಿಳಿನ 'ಚಿಱೈ'ಗೆ ಒಡಹುಟ್ಟು, ಸಾವಿರ ವರ್ಷಕ್ಕೂ ಹಳೆಯದು. 'ಸೆರೆಮನೆ' ಬರೆಯಲು ಏನು ಕಷ್ಟ?

ಮರು:
ಸೆರೆಮನೆ ಕಟ್ಟಡದ ಹೆಸರು. ಸುಧಾರಣಾ ಸೇವೆಯಲ್ಲಿ ಪೆರೋಲ್, ನಿಗಾವಣೆ, ಮನೆಬಂಧನ ಎಲ್ಲ ಸೇರುತ್ತವೆ, ಅವು ನಡೆಯುವುದೇ ಕಟ್ಟಡದ ಹೊರಗೆ. 'ಹಳೆ ಪಿಂಚಣಿ ಕೊಡಿ' ಎಂದು ನೌಕರರು ಫಲಕ ಹಿಡಿಯುವ ನಾಡಿದು. ಆ ಫಲಕದ ಮೇಲೆ 'ಜೀವಿತ ಕೊಡಿ' ಎಂದು ಬರೆದು ನೋಡಿ.

ಮರು:
'ಮುರಿತ' ನಿಮ್ಮದೇ ಸಲಹೆ, ಅಚ್ಚಗನ್ನಡ, ಎಲ್ಲರಿಗೂ ತಿಳಿಯಿತು. ಅದಾದರೆ ಮಿಕ್ಕವೂ ಆಗುತ್ತವೆ.

ಮರು:
'ಮುರಿತ', 'ಗಳಿಕೆ ದಿನ' ಹಾಕಿದೆ. ಪಿಂಚಣಿ ಹಾಗೇ ಇದೆ. ಪುಟ ಹೋಯಿತು.